ಅಳುವಿನ ಮೇಲೊಂದು ದೂರು

“ನಲ್ಲಿ ಸೋರಿದ್ರೆ ಹೇಳಿ, ಲಿಫ್ಟು ನಿಂತ್ರೆ ಹೇಳಿ, ದೀಪ ಹೋದ್ರೆ ಹೇಳಿ. ಆದ್ರೆ ಮನುಷ್ಯರ ಮೇಲೆ ಮಾತ್ರ ಆಫೀಸಿಗೆ ಹೋಗಿ ದೂರು ಹೇಳ್ಬೇಡಿ ತಮ್ಮಾ. ಕೈ ಮುಗೀತೀನಿ.”

ಹೀಗೆಂದವಳು ಕೆಳಗಿನ ಮಹಡಿಯ ಟೈಲರಮ್ಮ. ಸಾಮಾನು ಇಳಿಸಿದ ದಿನವೇ ಮೇಲೆ ಬಂದಿದ್ದಳು. ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಕೈಗೆ ತೆಗೆದುಕೊಂಡು, ಪಕ್ಕದ ಬಾಗಿಲುಗಳ ಕಡೆ ಒಮ್ಮೆ ನೋಡಿ, ಅಷ್ಟು ಹೇಳಿದಳು.

ಹೊಸದಾಗಿ ಬಾಡಿಗೆಗೆ ಬಂದ ಬಸ್ ಡ್ರೈವರನಿಗೆ ನಗು ಬಂತು. “ಯಾಕಕ್ಕಾ, ದೂರು ಹೇಳಿದ್ರೆ ಮ್ಯಾನೇಜರ್ ಕಚ್ತಾರಾ?”

“ಈ ಕಟ್ಟಡಕ್ಕೆ ಮಾಟ ಮಾಡಿಸಿದಾರೆ. ಮೊದಲು ಇಲ್ಲಿ ಬಾಡಿಗೆಯವರು ದಿನಬೆಳಗಾದ್ರೆ ಕಿತ್ತಾಡೋರು, ಯಾರೂ ನಿಲ್ತಿರ್ಲಿಲ್ಲ. ಓನರ್ ಅದ್ಯಾರನ್ನೋ ಕರ್ಕೊಂಡು ಬಂದ. ಆಮೇಲೆ ಗಲಾಟೆ ನಿಂತೋಯ್ತು. ಆದ್ರೆ ಅದು ನಿಲ್ಲೋ ರೀತಿನೇ ಬೇರೆ.”

“ಹಾಗಿದ್ರೆ ಅವರನ್ನ ನಮ್ಮ ಡಿಪೋಗೂ ಕಳಿಸಿ. ಅಲ್ಲಿ ಕಂಡಕ್ಟರುಗಳ ಬಾಯಿ ಮುಚ್ಚಿಸೋಕೆ ದೇವರ ಕೈಲೂ ಆಗ್ತಿಲ್ಲ.”

ಟೈಲರಮ್ಮ ನಗಲಿಲ್ಲ. ಪಾತ್ರೆಯ ಡಬ್ಬ ಎತ್ತಿಕೊಂಡು ಹಿಂದೆ ನಿಂತಿದ್ದ ಅವನ ಹೆಂಡತಿಯೂ ನಗಲಿಲ್ಲ. ಅವಳು ನಕ್ಕು ವರ್ಷವಾಗುತ್ತ ಬಂದಿತ್ತು.

ಅವರಿಗೊಬ್ಬಳು ಮಗಳಿದ್ದಳು. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಮಾತಿನ ಮಲ್ಲಿ ಎಂದು ಕರೆದೂ ಕರೆದೂ ಮನೆಯಲ್ಲಿ ಮಲ್ಲಿ ಎಂದೇ ಆಗಿಹೋಗಿತ್ತು. ಮೊದಲ ಹಲ್ಲು ಬಿದ್ದ ವಾರವೇ ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡರು. ಆಸ್ಪತ್ರೆಯಿಂದ ವಾಪಸು ಬರುವಾಗ ಇಬ್ಬರೇ ಬಂದರು.

ಆಮೇಲೆ ಹೆಂಡತಿ ಹಗಲೂ ರಾತ್ರಿ ಅತ್ತಳು. ಅವನು ಕೆಲವು ದಿನ ತಡೆದುಕೊಂಡ. ಒಂದು ದಿನ ಊಟದ ತಟ್ಟೆ ತಳ್ಳಿ ಎದ್ದು ಕೂಗಿದ: “ಸಾಕು ಮಾಡೇ! ಅತ್ರೆ ಬಂದ್ಬಿಡ್ತಾಳಾ? ಇನ್ಮೇಲೆ ನನ್ನೆದುರಿಗೆ ಕಣ್ಣೀರು ಹಾಕ್ಬೇಡ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟೇ. ಆ ದಿನದಿಂದ ಅವಳ ಕಣ್ಣಲ್ಲಿ ಅವನು ನೀರು ಕಂಡಿಲ್ಲ. ಅಳಬೇಡ ಅಂದವನೂ ಅವನೇ, ಅವಳು ಅಳದಿದ್ದಾಗ ಇವಳದು ಕಲ್ಲೆದೆ ಎಂದು ಒಳಗೊಳಗೇ ಬೈದುಕೊಂಡವನೂ ಅವನೇ. ಇಂಥ ಗಂಡಸರಿಗೆ ಏನು ಹೇಳುವುದು!

ಹಳೆಯ ಮನೆಯ ಗೋಡೆಯ ಮೇಲೆಲ್ಲ ಮಲ್ಲಿಯ ಬಣ್ಣದ ಪೆನ್ಸಿಲ್ ಗೆರೆಗಳಿದ್ದವು. ಅದನ್ನು ನೋಡಲಾರದೆ ಇಲ್ಲಿಗೆ ಬಂದರು. ತುದಿಯ ಮಹಡಿಯ ಎರಡು ಕೋಣೆ. ಮೇಲೆ ತಾರಸಿ, ನೀರಿನ ಟ್ಯಾಂಕು. ಬಚ್ಚಲಿನ ಕಿಟಕಿ ತೆರೆದರೆ ಡಕ್ಟು: ಪೈಪುಗಳು ಇಳಿದುಹೋಗುವ ಕತ್ತಲ ಕೊಳವೆ, ತಾರಸಿಯಿಂದ ನೆಲದವರೆಗೆ. ಅದರೊಳಗಿಂದ ಪಾಚಿಯ ವಾಸನೆ, ಸೋಪಿನ ನೊರೆಯ ವಾಸನೆ, ಯಾರದೋ ಮನೆಯ ಒಗ್ಗರಣೆಯ ವಾಸನೆ ಎಲ್ಲ ಸೇರಿ ಮೇಲೇರಿ ಬರುತ್ತಿತ್ತು.

ಅವನದು ರಾತ್ರಿ ಪಾಳಿ. ಬೆಳಗ್ಗೆ ಬಂದು ಮಲಗಿದರೆ ಸಂಜೆಯವರೆಗೆ ನಿದ್ದೆ. ಹೆಂಡತಿ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು, ಮಧ್ಯಾಹ್ನ ಹೊರಟರೆ ಬರುವುದು ಕತ್ತಲಾದ ಮೇಲೆ. ಅವಳು ಬಾಗಿಲೆಳೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ದಿನವೂ ಡಕ್ಟಿನಿಂದ ಅಳು ಕೇಳತೊಡಗಿತು.

ಹೆಣ್ಣಿನ ಅಳು. ಜೋರಾದದ್ದಲ್ಲ. ಬಟ್ಟೆಯ ಉಂಡೆಯೊಂದನ್ನು ಬಾಯಿಗೆ ತುರುಕಿಕೊಂಡು ಅತ್ತ ಹಾಗೆ, ಉಸಿರು ಸಿಕ್ಕಿಹಾಕಿಕೊಂಡು, ಮತ್ತೆ ಬಿಡಿಸಿಕೊಂಡು. ಅವನು ದಿಂಬಿನಿಂದ ಕಿವಿ ಮುಚ್ಚಿದ. ಕಿಟಕಿ ಮುಚ್ಚಿದ. ಅದು ಪೈಪು ಹಿಡಿದು, ಗೋಡೆ ಹಿಡಿದು, ಮಂಚದ ಕಾಲು ಹಿಡಿದು ಬಂತು. ನಿದ್ದೆಗೆಟ್ಟು ಸ್ಟೇರಿಂಗ್ ಹಿಡಿದವನಿಗೆ ಒಂದು ರಾತ್ರಿ ಎದುರಿಗಿದ್ದ ಸೈಕಲ್ಲು ಕಾಣಿಸಲೇ ಇಲ್ಲ. ಕಂಡಕ್ಟರ್ ಕೂಗಿದ್ದಕ್ಕೆ ಆ ಮನುಷ್ಯ ಉಳಿದ. ನಿಜ ಹೇಳಬೇಕೆಂದರೆ ಅವನನ್ನು ಕಾಡಿದ್ದು ನಿದ್ದೆಗೇಡಲ್ಲ. ಆ ಅಳು ಕೇಳಿದರೆ ಅವನಿಗೂ ಅಳು ಬರುತ್ತಿತ್ತು. ಅದು ಅವನಿಗೆ ಬೇಕಿರಲಿಲ್ಲ.

ಮಾರನೆಯ ದಿನ ಆಫೀಸಿಗೆ ಇಳಿದ.

ಆಫೀಸು ನೆಲಮಾಳಿಗೆಯಲ್ಲಿ, ಕಾರುಗಳ ಹಿಂದೆ. ಒಳಗೆ ಕಾಲಿಟ್ಟರೆ ಕೂದಲು ಸುಟ್ಟ ವಾಸನೆ. ಹಗಲಲ್ಲೂ ಒಂದೇ ಮಂಕು ಬಲ್ಬು. ಮೇಜಿನ ಹಿಂದೆ ಮ್ಯಾನೇಜರ್ ಕೂತಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

“ಬನ್ನಿ ಸಾರ್. ನಲ್ಲೀನಾ, ಲಿಫ್ಟಾ?”

“ಯಾರೋ ಹೆಂಗಸು ದಿನಾ ಅಳ್ತಾಳೆ. ಡಕ್ಟಲ್ಲಿ ಕೇಳುತ್ತೆ. ನಿದ್ದೆ ಇಲ್ಲ.”

ಮ್ಯಾನೇಜರ್ ಮೇಜಿನ ಕೆಳಗಿನಿಂದ ಗಾಜಿನ ಭರಣಿ ತೆಗೆದ. ಅದರ ತುಂಬ ಕರಿದಾರ. ದಾರದ ಉದ್ದಕ್ಕೂ ಗಂಟುಗಳು. “ಯಾರು ಅಂತ ಗೊತ್ತಾಗದಿದ್ರೂ ಪರವಾಗಿಲ್ಲ. ಏನು ನಿಲ್ಲಬೇಕು ಅಂತ ನಿಮ್ಮ ಬಾಯಿಂದ ಹೇಳಿ, ಸಾಕು.”

ಟೈಲರಮ್ಮನ ಮುಖ ನೆನಪಾಗಿ ಅವನಿಗೆ ನಗು ಬಂತು. ದಾರ ಕಟ್ಟಿ ಜನರನ್ನು ಹೆದರಿಸುವ ಆಫೀಸು! “ಆ ಅಳು ನಿಲ್ಲಬೇಕು,” ಅಂದ.

ಮ್ಯಾನೇಜರ್ ಗಂಟು ಬಿಗಿದ. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು. “ಆಯ್ತು ಸಾರ್. ಹೋಗಿ ಮಲಗಿ.”

ಅವತ್ತು ಅಳು ಕೇಳಲಿಲ್ಲ. ಕೊರಡಿನ ಹಾಗೆ ನಿದ್ದೆ ಮಾಡಿದ. ಅವನಿಗೆ ರಜೆಯ ರಾತ್ರಿ. ಎಚ್ಚರವಾದಾಗ ಅಡುಗೆಮನೆಯಿಂದ ಹಾಡು ಕೇಳುತ್ತಿತ್ತು. ಹೆಂಡತಿ ಗುನುಗುತ್ತಿದ್ದಳು. ಊಟಕ್ಕೆ ಕೂತಾಗ ಲಾಂಡ್ರಿಯ ಸೂಪರ್‌ವೈಸರ್ ನಡೆಯುವುದನ್ನು ಮಾಡಿ ತೋರಿಸಿ ಬಿದ್ದು ಬಿದ್ದು ನಕ್ಕಳು. ಅವನಿಗೆ ಊಟ ಮರೆಯುವಷ್ಟು ಸಂತೋಷವಾಯಿತು. ಕೊನೆಗೂ ಇವಳು ನನಗೆ ವಾಪಸು ಸಿಕ್ಕಳು ಎಂದುಕೊಂಡ.

ಊಟವಾದ ಮೇಲೆ ಅವಳು ಕಪಾಟು ಒರೆಸುತ್ತಿದ್ದಳು. ಬಟ್ಟೆಗಳ ಅಡಿಯಲ್ಲಿ ಅವಳೇ ಮುಚ್ಚಿಟ್ಟಿದ್ದ ಫೋಟೋ ಕೈಗೆ ಬಂತು. ಹಲ್ಲು ಬಿದ್ದ ಬಾಯಿ ಅಗಲಿಸಿ ನಗುತ್ತಿರುವ ಹುಡುಗಿ.

“ರೀ, ಇದ್ಯಾರ ಮಗು? ಎಷ್ಟು ಮುದ್ದಾಗಿದೆ!”

ಅವನು ತಮಾಷೆ ಎಂದುಕೊಂಡ. ಇಂಥದನ್ನು ತಮಾಷೆ ಮಾಡುವವಳಲ್ಲ ಎಂದು ಮರುಕ್ಷಣ ಹೊಳೆಯಿತು. “ಮಲ್ಲಿ ಕಣೇ,” ಅಂದ.

“ಯಾವ ಮಲ್ಲಿ? ನಿಮ್ಮಕ್ಕನ ಮಗಳಾ?”

ಅವನು ಅವಳ ಕೈ ಹಿಡಿದುಕೊಂಡ. ಎಲ್ಲ ಹೇಳಿದ. ಹೆರಿಗೆಯ ದಿನ, ಗೋಡೆಯ ಗೆರೆಗಳು, ಜ್ವರ, ಆಸ್ಪತ್ರೆಯ ಕಾರಿಡಾರು. ಅವಳು ಕೇಳುತ್ತ ಕೇಳುತ್ತ ಅವನ ಹಣೆ ಮುಟ್ಟಿ ನೋಡಿದಳು. ಅವಳ ಹೊಟ್ಟೆಯ ಮೇಲಿದ್ದ ಹೊಲಿಗೆಯ ಗುರುತನ್ನು ತೋರಿಸಿ ಕೇಳಿದ: “ಹಾಗಾದ್ರೆ ಇದೇನೇ?”

“ಅಪೆಂಡಿಕ್ಸ್ ಆಪರೇಷನ್ ಅಲ್ವೇನ್ರೀ? ನೀವೇ ಸಹಿ ಹಾಕಿದ್ರಿ.” ಅವಳ ದನಿಯಲ್ಲಿ ಕನಿಕರವಿತ್ತು. “ನಿದ್ದೆಗೆಟ್ಟು ನಿಮ್ಮ ತಲೆ ಕೆಟ್ಟಿದೆ. ಬನ್ನಿ, ಮಲಗಿ.”

ಬೆಳಗಾಗುವುದನ್ನೇ ಕಾದು ಟೈಲರಮ್ಮನ ಬಾಗಿಲು ಬಡಿದ. ಅವಳಿಗೆ ಅವನ ಮುಖ ನೋಡಿದ ಕೂಡಲೇ ಗೊತ್ತಾಯಿತು. ಹೊಲಿಗೆಯ ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಳು.

“ದಿನಾ ತಾರಸೀಲಿ ಬಟ್ಟೆ ಹರವೋಕೆ ಹೋದಾಗ ನೋಡ್ತಿದ್ದೆ. ನಿಮ್ಮ ಹೆಂಡ್ತಿ ಕೆಲಸಕ್ಕೆ ಹೋಗೋ ಮುಂಚೆ ಟ್ಯಾಂಕಿನ ಹಿಂದೆ, ಡಕ್ಟಿನ ಬಾಯಿ ಹತ್ರ ಕೂತು ಅಳೋಳು. ನನ್ನ ಗಂಡಂಗೆ ಹೇಳ್ಬೇಡಿ ಅಕ್ಕಾ, ಅವರಿಗೆ ಅಳು ಕಂಡ್ರೆ ಆಗಲ್ಲ ಅಂದಿದ್ಲು.”

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ.

“ನಂದೂ ಅದೇ ಕತೆ ತಮ್ಮಾ. ಪಕ್ಕದ ಮನೆ ಮುದುಕಿ ಇಡೀ ದಿನ ಮಗನ ಹೆಸರು ಕೂಗ್ತಿದ್ಲು. ನಾನೇ ಹೋಗಿ ಹೇಳಿದೆ. ಕೂಗೋದು ನಿಂತೋಯ್ತು. ಆಮೇಲೆ ಮಗ ಬಂದ, ದೂರದಿಂದ, ಅಪ್ಪಿಕೊಳ್ಳೋಕೆ ಅಂತ. ಯಾರಪ್ಪಾ ನೀನು ಅಂದ್ಲು. ಅವನ ಮುಖ ನಾನು ಸಾಯೋವರೆಗೂ ಮರೆಯಲ್ಲ.”

ಆಫೀಸಿನಲ್ಲಿ ಅವನು ಕೂಗಾಡಿದ, ಕಾಲು ಹಿಡಿದ, ಭರಣಿ ಕಿತ್ತುಕೊಂಡು ಗಂಟು ಬಿಚ್ಚಲು ನೋಡಿದ. ಗಂಟು ಮೂಳೆಯಷ್ಟು ಗಟ್ಟಿ. ಉಗುರು ಕಿತ್ತು ರಕ್ತ ಬಂತು. ಮ್ಯಾನೇಜರ್ ಒರೆಸಿಕೊಳ್ಳಲು ಕಾಗದ ಕೊಟ್ಟ.

“ಅಳು ನಿಲ್ಲಬೇಕು ಅಂದ್ರಿ, ನಿಲ್ಸಿದೀವಿ. ನಿಲ್ಲಿಸಬೇಕಾದ್ರೆ ಅದರ ಬೇರಿಗೇ ಕೈ ಹಾಕಬೇಕಲ್ವಾ ಸಾರ್? ದೂರು ವಾಪಸು ತಗೊಳ್ಳೋ ಪದ್ಧತಿ ನಮ್ಮಲ್ಲಿ ಇಲ್ಲ.”

ಮನೆ ಬಿಟ್ಟುಬಿಡಬೇಕಿತ್ತು. ಅವನು ಬಿಡಲಿಲ್ಲ. ಬಿಟ್ಟು ಹೋದರೆ ಅವಳ ಮಲ್ಲಿ ಆ ಭರಣಿಯಲ್ಲೇ ಉಳಿದುಬಿಡುತ್ತಾಳೆ, ಇಲ್ಲೇ ಇದ್ದರೆ ಏನಾದರೂ ದಾರಿ ಸಿಕ್ಕೀತು ಎಂಬ ಹುಚ್ಚು ಆಸೆ. ಮಗಳನ್ನು ನೆನೆಯುವವನು ಈಗ ತಾನೊಬ್ಬನೇ ಎನ್ನುವುದು ಎದೆಯ ಮೇಲೆ ಬಂಡೆಯಾಗಿ ಕೂತಿತ್ತು. ಹೆಂಡತಿ ಸುಖವಾಗಿದ್ದಳು. ಅವಳೆದುರು ಮುಖ ಸಪ್ಪೆ ಮಾಡಿದರೆ ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತಿದ್ದಳು. ಮಧ್ಯಾಹ್ನಗಳಲ್ಲಿ ಅವನು ತಾರಸಿಗೆ ಹೋಗತೊಡಗಿದ. ಟ್ಯಾಂಕಿನ ಹಿಂದೆ, ಅವಳು ಕೂರುತ್ತಿದ್ದ ಜಾಗದಲ್ಲೇ ಕೂತು, ಟವೆಲ್ಲು ಕಚ್ಚಿಕೊಂಡು ವರ್ಷದ ಅಳುವನ್ನೆಲ್ಲ ಅತ್ತ. ಅಯ್ಯೋ, ಅದನ್ನು ಇಬ್ಬರೂ ಒಟ್ಟಿಗೆ ಕೂತು ಅತ್ತಿದ್ದರೆ ಆಗುತ್ತಿರಲಿಲ್ಲವೇ!

ಅವಳ ವಾರದ ರಜೆಯ ದಿನ. ಊಟ ಮುಗಿಸಿ ಅವಳು ಮಲಗಿದ್ದನ್ನು ನೋಡಿಕೊಂಡೇ ಅವನು ಮೇಲೆ ಹೋಗಿದ್ದ. ಅತ್ತು ಕಣ್ಣೊರೆಸಿಕೊಂಡು ಇಳಿದು ಬರುವಾಗ ಟೈಲರಮ್ಮ ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದಳು.

“ನಿಮ್ಮ ಹೆಂಡ್ತಿ! ಡಕ್ಟಲ್ಲಿ ಯಾರೋ ಗಂಡಸು ಅಳ್ತಾನೆ, ನಿದ್ದೆ ಬರ್ತಿಲ್ಲ ಅಂತ ಆಫೀಸಿಗೆ ಹೋದ್ಲು. ಬೇಡಮ್ಮಾ ಅಂದೆ. ನಕ್ಕುಬಿಟ್ಲು!”

ಲಿಫ್ಟಿನ ಗುಂಡಿ ಒತ್ತಿದ. ಲಿಫ್ಟು ನೆಲಮಾಳಿಗೆಯಲ್ಲಿತ್ತು. ಅವಳು ತಲುಪಿಯಾಗಿತ್ತು.

ಅವನು ಮೆಟ್ಟಿಲಿಗೆ ಧುಮುಕಿದ. ಹಗಲಾದರೂ ಮೆಟ್ಟಿಲಲ್ಲಿ ಕತ್ತಲೆ. ದೀಪಗಳೆಲ್ಲ ಸತ್ತಿದ್ದವು. ಕೆಳಗಿಳಿದಂತೆ ಕೂದಲು ಸುಟ್ಟ ವಾಸನೆ. ಮೂಗಿಗೆ ಬಡಿಯಿತು. ಬಾಯಿಗೆ ಬಂತು. ಮಲ್ಲಿ, ಮಲ್ಲಿ ಎಂದು ಹೇಳಿಕೊಂಡೇ ಓಡಿದ. ಅವಳ ಹಳದಿ ಲಂಗ. ಬಿಚ್ಚಿಕೊಳ್ಳುವ ಚಪ್ಪಲಿ ಪಟ್ಟಿ. ಅಪ್ಪಾ ಬಸ್ಸು ನಿಲ್ಸು ಎಂದು ಅವಳು ಕೂಗುವುದು. ಹೇಗೆ ಕೂಗುತ್ತಿದ್ದಳು? ಕಾಲು ಜಾರಿತು. ಮಂಡಿ ಒಡೆಯಿತು. ಎದ್ದ. ಹೇಗೆ ಕೂಗುತ್ತಿದ್ದಳು? ಲಂಗದ ಬಣ್ಣ ಯಾವುದು? ಹಳದಿ. ಹಳದಿ. ಹಳದಿ. ಕೆಳಗೆ ಹೆಂಡತಿಯ ದನಿ ಕೇಳುತ್ತಿತ್ತು. “ಆ ಅಳು ಒಂದು ನಿಲ್ಲಬೇಕು ನೋಡಿ.” ಬಾಗಿಲು. ಬಲ್ಬು ಮಿಟುಕಿತು. ಮ್ಯಾನೇಜರ್ ಕೈಯಲ್ಲಿ ದಾರ. ಕುಣಿಕೆ ಬಿದ್ದಿದೆ. ಎಳೆಯುತ್ತಿದ್ದಾನೆ.

ಕುಣಿಕೆಯೊಳಗೆ ಬೆರಳು ತೂರಿಸಿಬಿಟ್ಟ.

ದಾರ ಮಾಂಸ ಕೊಯ್ದು ಮೂಳೆಗೆ ತಾಗಿ ನಿಂತಿತು. ಹೆಂಡತಿ ಕಿರುಚಿದಳು. ಅವನು ಇನ್ನೊಂದು ಕೈಯಿಂದ ದಾರ ಕಿತ್ತು ನೆಲಕ್ಕೆ ಬಿಸುಟ. ಗಂಟು ಬಿದ್ದಿರಲಿಲ್ಲ.

“ನಾನೇ ಕಣೇ ಅತ್ತಿದ್ದು. ನಾನೇ.”

“ನೀವಾ?” ಅವಳು ಸೆರಗು ಹರಿದು ಬೆರಳಿಗೆ ಸುತ್ತುತ್ತ ಗಾಬರಿಯಿಂದ ನೋಡಿದಳು. “ಯಾಕ್ರೀ? ಏನಾಯ್ತು ನಿಮಗೆ?”

“ಕೇಳ್ತಿದಾರಲ್ಲ, ಹೇಳಿ ಸಾರ್,” ಅಂದ ಮ್ಯಾನೇಜರ್.

“ಹೊಟ್ಟೆನೋವು,” ಅಂದ ಅವನು. ಆ ಭರಣಿಯೆದುರು ಮಗಳ ಹೆಸರೆತ್ತುವ ಧೈರ್ಯವಾಗಲಿಲ್ಲ.

ಮಾರನೆಯ ದಿನವೇ ಮನೆ ಖಾಲಿ ಮಾಡಿದರು. ಬೀಳ್ಕೊಡಲು ಟೈಲರಮ್ಮ ಒಬ್ಬಳೇ ಕೆಳಗಿಳಿದು ಬಂದಳು. ಸಾಮಾನಿನ ವ್ಯಾನಿನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಒತ್ತಿಕೊಂಡು ಕೂತರು. ಕಟ್ಟಡ ಹಿಂದೆ ಸರಿದ ಮೇಲೆ ಅವನು ಕಣ್ಣು ಮುಚ್ಚಿ ಮಗಳನ್ನು ಕರೆದ. ಬಂದಳು. ಹಳದಿ ಲಂಗ, ಬಿದ್ದ ಹಲ್ಲು, ಬಿಚ್ಚಿದ ಪಟ್ಟಿ, ಎಲ್ಲ ಇತ್ತು. ಬಾಯಿ ತುಂಬ ಮಾತಾಡುತ್ತಿದ್ದಳು. ತುಟಿ ಆಡುತ್ತಿತ್ತು, ಕೈ ತಿರುಗುತ್ತಿತ್ತು, ಒಂದೇ ಒಂದು ಶಬ್ದ ಕೇಳಲಿಲ್ಲ. ಅಷ್ಟನ್ನು ಕುಣಿಕೆ ತೆಗೆದುಕೊಂಡಿತ್ತು. ಮಾತಿನ ಮಲ್ಲಿಯ ಮಾತು ಇನ್ನು ಈ ಲೋಕದಲ್ಲಿ ಯಾರಿಗೂ ಕೇಳುವುದಿಲ್ಲ. ಅವನಿಗೆ ಅಳು ಒತ್ತರಿಸಿ ಬಂತು. ನುಂಗಿಕೊಂಡ.

ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತು. ಪಕ್ಕದ ಆಟೋದಲ್ಲಿ ತಾಯಿಯ ತೊಡೆಯ ಮೇಲೆ ಕೂತ ಹುಡುಗಿಯೊಂದು ಬಿಡುವಿಲ್ಲದೆ ವಟಗುಟ್ಟುತ್ತಿತ್ತು. ಹೆಂಡತಿ ಕಿಟಕಿಯಿಂದ ಬಗ್ಗಿ ನೋಡಿ ನಕ್ಕಳು. ಆಮೇಲೆ ಅವನ ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ತನ್ನ ಮಡಿಲಿಗೆ ತೆಗೆದುಕೊಂಡಳು.

“ನಮಗೂ ಇಂಥದೊಂದು ಮಗು ಆಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಅಲ್ವೇನ್ರೀ?”

“ಹೂಂ,” ಅಂದ ಅವನು.