ಏಳನೇ ನಂಬರಿನ ಗಾಜು

2025ರ ಮಾರ್ಚ್ 10, ಸೋಮವಾರ, ಬೆಳಿಗ್ಗೆ 9.20. ಮಲ್ಲಣ್ಣ ಶಹಾಪುರ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಧೋತರಕ್ಕೆ ಹಿಂದಿನ ದಿನದ ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಕೆರೆದಂಡೆ ಓಣಿಯ ಏಳನೇ ಮನೆಯವನು. ಭಾನುವಾರ ಸಂಜೆ ನಾಲ್ಕಕ್ಕೆ ಅವನ ಹಿತ್ತಲ ಗೋಡೆ ಕುಸಿದು ಹೆಂಡತಿ ಬಾಲಮ್ಮನ ಬಲಗಾಲಿನ ಮೇಲೆ ಬಿದ್ದಿತ್ತು.

"ಕಾಲು ಉಳೀತದೋ ಇಲ್ಲೋ ಬುಧವಾರ ಹೇಳ್ತೀವಿ ಅಂದಾರ್ರಿ ಡಾಕ್ಟರ್" ಅಂದ. "ಅದರಾಗ ಕಂಪನಿಯವ್ರು ಏನಂತಾರ ಗೊತ್ತೇನ್ರಿ ಸಾಹೇಬ್ರ? ಗಾಜು ನೆಟ್ಟಗ ಇತ್ತು, ಗ್ವಾಡಿ ನೀವ ಕೆಡವಿಕೊಂಡೀರಿ ಅಂತಾರ. ತನ್ನ ಹೆಂಡ್ತಿ ಕಾಲ ಮ್ಯಾಲ ಯಾವನರ ಗ್ವಾಡಿ ಕೆಡವ್ತಾನೇನ್ರಿ?"

ಇನ್ಸ್‌ಪೆಕ್ಟರ್ ತಿಪ್ಪೇರುದ್ರಪ್ಪ ಹಿರಿಯೂರು ಕಡೆಯವನು, ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಪರಿಹಾರದ ಆಸೆಗೆ ಕೆಡವಿಕೊಳ್ಳುವವರೂ ಇರುತ್ತಾರೆ ಎಂದು ಅವನಿಗೆ ಗೊತ್ತಿತ್ತು.

"ನಿಮ್ಮ ಪ್ರಕಾರ ಗಾಜು ಯಾವಾಗ ಒಡೀತು?"

"ಶುಕ್ರವಾರ್ರಿ. ನನ್ನ ಹೆಂಡ್ತಿ ಕಣ್ಣಾರೆ ನೋಡ್ಯಾಳ."

ಗುನ್ನೆ ನಂ. 41/2025 ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 125(ಬಿ), ನಿಷ್ಕಾಳಜಿಯಿಂದ ಭಾರೀ ಗಾಯ. ಎಫ್‌ಐಆರ್‌ನ ಆರೋಪಿ ಕಾಲಮ್ಮಿನಲ್ಲಿ "ಅಪರಿಚಿತ" ಎಂದು ಬರೆಯಲಾಯಿತು.

ಗಾಜಿನ ಸಂಗತಿ ಇಷ್ಟು. ಕೆರೆಯ ಉದ್ದಕ್ಕೂ ಕಂಬಗಳ ಮೇಲೆ ನಿಂತಿದ್ದ ಮೇಲ್ರಸ್ತೆ ಓಣಿಯ ಮಹಡಿಗಳನ್ನು ಸವರಿಕೊಂಡೇ ಹೋಗುತ್ತಿತ್ತು. ಊರಿನ ಪಾಲಿಗೆ ಕೆರೆ ಇದ್ದೂ ಇಲ್ಲದಂತೆ. ಅದರ ಬದಲು ನೆಲದಡಿ ಸುರಂಗ ರಸ್ತೆ ತೆಗೆದು, ಲಾರಿಗಳನ್ನೆಲ್ಲ ಅಲ್ಲಿಗೆ ಇಳಿಸಿ, ಆಮೇಲೆ ಮೇಲ್ರಸ್ತೆ ಕೆಡವುವ ಕೆಲಸ ಒಂದೂವರೆ ವರ್ಷದಿಂದ ನಡೆದಿತ್ತು. ಸುರಂಗದ ದಾರಿಯ ಮೇಲಿದ್ದ ಹದಿನಾಲ್ಕು ಮನೆಗಳ ಬಿರುಕುಗಳಿಗೆ ಅಡ್ಡಲಾಗಿ ಸುರಂಗ ತೋಡುವ ಕಂಪನಿಯವರು ಗೇಣುದ್ದದ ಗಾಜಿನ ಪಟ್ಟಿ ಅಂಟಿಸಿದ್ದರು. ಬಿರುಕು ಸ್ವಲ್ಪ ಅಗಲವಾದರೂ ಗಾಜು ಒಡೆಯುತ್ತದೆ. ಒಡೆದರೆ ಆ ಮನೆ ಖಾಲಿ ಮಾಡಿಸಬೇಕು. ಮೂರು ಮನೆಯವು ಒಡೆದರೆ ಅಗೆತವೇ ಬಂದ್. ಎರಡು ಜನವರಿಯಲ್ಲೇ ಒಡೆದಿದ್ದವು. ಇದು ಓಣಿಯಲ್ಲಿ ಎಲ್ಲರಿಗೂ ಬಾಯಿಪಾಠ.

11.40ಕ್ಕೆ ಪಂಚನಾಮೆ. ಇಬ್ಬರು ಪಂಚರ ಸಮಕ್ಷಮ ಹೆಡ್ ಕಾನ್‌ಸ್ಟೇಬಲ್ ಇಮಾಮಬೀ ಮಣ್ಣಿನ ರಾಶಿಯಲ್ಲಿ ಕೂತು ಗಾಜಿನ ಚೂರು ಒಂದೊಂದನ್ನೇ ಆರಿಸಿ ಪರಾತಕ್ಕೆ ಹಾಕಿದಳು. ಒಂಬತ್ತು ಚೂರು. ಸಾಕ್ಷ್ಯಕ್ಕಾಗಿ ಮುದ್ದೆಮಾಲು ಎಂದು ಚೀಟಿ ಹಚ್ಚಿದಳು. ತಲೆಯ ಮೇಲೆ ಲಾರಿ ಹೋದಾಗಲೆಲ್ಲ ಪರಾತ ನಡುಗುತ್ತಿತ್ತು.

"ಇಪ್ಪತ್ತು ವರ್ಷ ಹಿಂಗ ಮಲಗ್ಯಾರ ನೋಡ್ರಿ ಸರ್ ಈ ಮಂದಿ" ಅಂದಳು. "ನನಗಾದ್ರ ತಲಿ ಕೆಡ್ತಿತ್ತು."

ಕಂಪನಿಯ ಸೈಟ್ ಎಂಜಿನಿಯರ್ ಸುಹಾಸ್, ಮೈಸೂರಿನವನು. ಕೇಳುವ ಮೊದಲೇ ಮೊಬೈಲ್ ತೆಗೆದು ಫೋಟೋ ತೋರಿಸಿದ. ಶನಿವಾರ, ಮಾರ್ಚ್ 8, ಬೆಳಿಗ್ಗೆ 8.10. ಗೋಡೆಯ ಮೇಲೆ ಕೆಂಪು ಬಣ್ಣದ ಏಳು, ಪಕ್ಕದಲ್ಲಿ ಗಾಜಿನ ಪಟ್ಟಿ. ಒಂದು ಗೀರೂ ಇಲ್ಲ.

"ಶುಕ್ರವಾರದ ಫೋಟೋ?"

"ಶುಕ್ರವಾರ ದಾನೇಶ್ವರಿ ಹೋಗಿದ್ರು ಸಾರ್. ಇಲ್ಲಿನ ಹುಡುಗಿ, ಡಿಪ್ಲೊಮಾ ಮಾಡಿದಾರೆ. ರಿಜಿಸ್ಟರ್ ಬರೀತಾರೆ."

"ತನ್ನಿ ರಿಜಿಸ್ಟರ್."

ಮಾರ್ಚ್ 7ರ ಪುಟ. ಮನೆ ನಂಬರ್ ಏಳರ ಎದುರು ದುಂಡಗಿನ ಅಕ್ಷರ: "ಗಾಜು ಹೆಚ್ಚಾಗಿದೆ."

ತಿಪ್ಪೇರುದ್ರಪ್ಪ ಎರಡು ಸಲ ಓದಿದ. "ಏನ್ರೀ ಇದು? ಗಾಜು ಹೆಚ್ಚಾಗೋದು ಅಂದ್ರೆ?"

"ನನಗೂ ಅದೇ ಗೊಂದಲ ಸಾರ್. ಒಂದು ಪಟ್ಟಿ ಜಾಸ್ತಿ ಅಂಟಿಸಿದಾರೇನೋ ಅಂದ್ಕೊಂಡೆ. ಶನಿವಾರ ಹೋಗಿ ನೋಡಿದ್ರೆ ಒಂದೇ ಇತ್ತು. ತಪ್ಪು ಬರೆದಿದಾರೆ ಅಂತ ಸುಮ್ಮನಾದೆ."

ಈ ಉತ್ತರ ಇನ್ಸ್‌ಪೆಕ್ಟರಿಗೆ ಒಂಚೂರೂ ಹಿಡಿಸಲಿಲ್ಲ. ಕೆಲಸ ನಿಂತರೆ ಮೊದಲು ಬೈಸಿಕೊಳ್ಳುವವನು ಇವನೇ. ಫೋಟೋ ತೆಗೆದವನೂ ಇವನೇ. ರಿಜಿಸ್ಟರ್ ಬರೆದವಳು ನೋಡಿದರೆ ಶುಕ್ರವಾರ ಸಂಜೆಯೇ ರಜೆ ಹಾಕಿ ಹುಣಸಗಿಗೆ ಹೋಗಿ ಕೂತಿದ್ದಾಳೆ. ಇಬ್ಬರೂ ಸೇರಿಯೇ ಮಾಡಿದರೇನು?

ಮಧ್ಯಾಹ್ನ 2.15ಕ್ಕೆ ದಾನೇಶ್ವರಿ ಹುಣಸಗಿ ಬಸ್ಸಿಳಿದು ನೇರ ಠಾಣೆಗೆ ಬಂದಳು. ಬ್ಯಾಗು ಎದೆಗೆ ಅವಚಿಕೊಂಡಿದ್ದಳು.

"ಶುಕ್ರವಾರ ಏಳನೇ ಮನೆಗೆ ಹೋಗಿದ್ಯಾ?"

"ಹೋಗಿದ್ನಿರಿ."

"ಗಾಜು ಹೇಗಿತ್ತು?"

"ಬರದೀನಲ್ರಿ ಸರ್. ಹೆಚ್ಚಾಗಿತ್ತು."

"ಎಷ್ಟು ಹೆಚ್ಚಾಗಿತ್ತು? ಎರಡಿತ್ತಾ? ಮೂರಿತ್ತಾ?"

ಹುಡುಗಿ ಪಿಳಿಪಿಳಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಇಮಾಮಬೀ ಹಣೆ ಚಚ್ಚಿಕೊಂಡಳು.

"ಅಯ್ಯೋ ಸರ್! ಎರಡು ಮೂರಲ್ರಿ. ಬಳಿ ಒಡದ್ರ ನಮ್ಮ ಕಡಿ ಹೆಣ್ಮಕ್ಕಳು ಒಡೀತು ಅನ್ನಂಗಿಲ್ರಿ, ಅದು ಕೆಟ್ಟ ಮಾತು. ಹೆಚ್ಚಾತು ಅಂತಾರ. ಗಾಜು ಒಡದದ ಅಂತಲೇ ಬರದಾಳ್ರಿ ಈಕಿ!"

"ಬಳೆಗೆ ಸರಿ. ಕಂಪನಿ ಗಾಜಿಗೂ ಹಾಗೇ ಬರೀತಾರಾ?"

ದಾನೇಶ್ವರಿಯ ಕಣ್ಣು ತುಂಬಿತು. "ನಾ ಒಡೆದಿದೆ ಅಂತ ಬರಿಯಾಕ ಹೋದ್ನಿರಿ. ಬಾಲಮ್ಮಕ್ಕ ಕೈ ಹಿಡದ್ರು. ಶುಕ್ರವಾರ, ದೀಪ ಹಚ್ಚೋ ಹೊತ್ತು, ಮನಿ ಗಾಜು ಒಡದದ ಅಂತ ಬರೀಬ್ಯಾಡವ್ವ, ಹೆಚ್ಚಾಗ್ಯದ ಅಂತ ಬರಿ ಅಂದ್ರು. ಎಲ್ಲರಿಗೂ ತಿಳೀತದಲ್ಲ ಅಂತ ಬರದ್ನಿರಿ. ಮೈಸೂರಿನವ್ರಿಗೆ ತಿಳಿಯಂಗಿಲ್ಲ ಅಂತ ನನಗೇನು ಗೊತ್ರಿ?"

ಹಿರಿಯೂರಿನವನಿಗೂ ತಿಳಿದಿರಲಿಲ್ಲ. ತಿಪ್ಪೇರುದ್ರಪ್ಪ ಕೆಮ್ಮಿ, ಹೇಳಿಕೆ ಬರೆಸಿಕೊಂಡು ಹುಡುಗಿಯನ್ನು ಕಳಿಸಿದ. ಈಗ ಒಂದು ಮಾತು ಖಾತ್ರಿಯಾಯಿತು. ಶುಕ್ರವಾರ ಸಂಜೆ ಒಡೆದಿದ್ದ ಗಾಜು ಶನಿವಾರ ಬೆಳಿಗ್ಗೆ ಇಡಿಯಾಗಿತ್ತು. ಯಾರೋ ಬದಲಾಯಿಸಿದ್ದರು. ಅನುಮಾನವೆಲ್ಲ ಸುಹಾಸನ ಮೇಲೆ ಬಂದು ಕೂತಿತು.

ಸಂಜೆ 5.30, ಯಾದಗಿರಿಯ ಆಸ್ಪತ್ರೆ. ಬಾಲಮ್ಮನ ಕಾಲು ಸೊಂಟದವರೆಗೂ ಬಿಳಿ ಬಟ್ಟೆಯಲ್ಲಿತ್ತು. ನೋವಿನಲ್ಲೂ ಮಾತಿಗೇನೂ ಕಡಿಮೆ ಇರಲಿಲ್ಲ.

"ಶನಿವಾರ ಮುಂಜಾನಿ ನೋಡಿದ್ರ ಹೊಸಾ ಗಾಜು ಹಚ್ಚಿದ್ರು ಸಾಹೇಬ್ರ. ಕಂಪನಿಯವ್ರು ಬಂದು ಹಚ್ಯಾರ, ಗ್ವಾಡಿ ಗಟ್ಟಿ ಅದ ಅಂತ ತಿಳಕೊಂಡೆ. ನನ್ನ ತಿಳಿವಳಿಕಿಗಿಷ್ಟು ಬೆಂಕಿ ಹಾಕ."

"ಯಾರಾದ್ರೂ ಹಿತ್ತಲಿಗೆ ಬಂದಿದ್ದನ್ನ ನೋಡಿದ್ರಾ?"

"ಇಲ್ರಿ. ಮೈನುದ್ದೀನಣ್ಣ ಮಾತ್ರ ಶನಿವಾರ ಗ್ವಾಡಿ ಆಚಿಂದ ಹೇಳಿದ್ದ. ಹಿತ್ತಲಾಗ ಹಾವು ಕಂಡೀನಿ ತಂಗಿ, ಎರಡು ವಾರ ಆ ಕಡಿ ಸುಳೀಬ್ಯಾಡ ಅಂತ. ಪಾಪ, ಎರಡು ಸಲ ಹೇಳಿದ. ನಾನ ಕೇಳಲಿಲ್ಲ. ಒಣಗಿದ ಸೀರಿ ತರಾಕ ಹೋದೆ."

"ಮೈನುದ್ದೀನ ಯಾರು?"

"ಬಾಜೂ ಮನಿಯವ್ರಿ. ಫೋಟೋ ಚೌಕಟ್ಟಿನ ಅಂಗಡಿ ಮೈನುದ್ದೀನ. ದೇವರಂಥಾ ಮನುಷ್ಯ."

ಜೀಪಿನಲ್ಲಿ ಇಮಾಮಬೀಯೂ ಜೊತೆಗಿದ್ದಳು. ಹಿಂತಿರುಗುವಾಗ ಇನ್ಸ್‌ಪೆಕ್ಟರ್ ಕೇಳಿದ. "ಇಮಾಮಬೀ, ಹಾವು ಕಂಡವನು ಎರಡು ದಿನ ಹುಷಾರಾಗಿರು ಅಂತಾನೆ. ಎರಡು ವಾರ ಅಂತಾನಾ?"

"ಅನ್ನಂಗಿಲ್ರಿ ಸರ್" ಅಂದಳು ಇಮಾಮಬೀ. ಅನುಮಾನ ಮೈನುದ್ದೀನನ ಕಡೆ ತಿರುಗುವುದು ಅವಳಿಗೆ ಬೇಡವಾಗಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10. ಜನವರಿಯಲ್ಲಿ ಒಡೆದ ಮೂರನೇ ನಂಬರಿನ ಗಾಜನ್ನು ಹೋಲಿಸಿ ನೋಡಲು ಕಂಪನಿಯ ಆಫೀಸಿನಿಂದ ತರಿಸಲಾಯಿತು. ಅದನ್ನು ಪೊಟ್ಟಣದಿಂದ ತೆಗೆಯುತ್ತಿದ್ದಂತೆ ಇನ್ಸ್‌ಪೆಕ್ಟರನ ಹೆಬ್ಬೆರಳು ಚರ್ರನೆ ಕೊಯ್ದು ರಕ್ತ ಬಂತು.

"ಏ ಇದರವ್ವನ!" ಎಂದು ಬೆರಳು ಬಾಯಿಗಿಟ್ಟುಕೊಂಡವನು ಹಾಗೇ ನಿಂತ. "ಇಮಾಮಬೀ, ನಿನ್ನೆ ಒಂಬತ್ತು ಚೂರು ಬರಿಗೈಲಿ ಆರಿಸಿದ್ಯಲ್ಲ. ಕೈ ಕೊಯ್ತಾ?"

ಅವಳು ಅಂಗೈ ತಿರುಗಿಸಿ ನೋಡಿಕೊಂಡಳು. ಮುರಿದ ಕಡೆ ತಾಗಿದ ಒಂದು ಸಣ್ಣ ಗೆರೆ ಇತ್ತು, ಅಷ್ಟೇ. ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದರು. ಏಳನೇ ನಂಬರಿನ ಪಟ್ಟಿಯ ನಾಲ್ಕೂ ಅಂಚು ಉಜ್ಜಿ ನುಣುಪು ಮಾಡಿದ್ದವು.

ಸುಹಾಸನನ್ನು ಕರೆಸಿದರು. "ಪಟ್ಟಿ ಎಲ್ಲಿ ಮಾಡಿಸಿದ್ರಿ?"

"ಓಣಿಯಲ್ಲೇ, ಮೈನುದ್ದೀನ್ ಅವರ ಹತ್ರ. ನಲವತ್ತು ಪಟ್ಟಿ, ಒಂದೇ ಸಲ."

"ಅಂಚು ಉಜ್ಜಿಸಿದ್ರಾ?"

"ಇಲ್ಲ ಸಾರ್. ಉಜ್ಜಿ ಕೊಡ್ತೀನಿ, ಹಸಿ ಅಂಚು ಯಾರ ಕೈಯನ್ನಾದ್ರೂ ಕೊಯ್ಯುತ್ತೆ ಅಂತ ಅವರು ಹೇಳಿದ್ರು. ಗೋಡೆಗೆ ಅಂಟಿಸೋದಕ್ಕೆ ಅದೆಲ್ಲ ಯಾಕೆ, ಹಾಗೇ ಕೊಡಿ ಅಂದೆ."

ಸುಹಾಸನ ಬಳಿ ಉಳಿದಿದ್ದ ಇಪ್ಪತ್ತಾರು ಪಟ್ಟಿಗಳನ್ನೂ ನೋಡಿದರು. ಎಲ್ಲವೂ ಹಸಿ ಅಂಚಿನವು.

ಸಂಜೆ 5.10ಕ್ಕೆ ಇನ್ಸ್‌ಪೆಕ್ಟರ್, ಇಮಾಮಬೀ ಇಬ್ಬರೂ ಅಂಗಡಿಗೆ ಹೋದರು. ರಂಜಾನಿನ ಉಪವಾಸದ ಒಣ ತುಟಿ, ನರೆತ ಗಡ್ಡ, ಐವತ್ತು ದಾಟಿದ ಸಣಕಲು ಮನುಷ್ಯ ಮೈನುದ್ದೀನ. ಯಾರದೋ ಮದುವೆ ಫೋಟೋಕ್ಕೆ ಗಾಜು ಕೊಯ್ಯುತ್ತಿದ್ದ.

"ಬರ್ರಿ ಸಾಹೇಬ್ರ, ಕೂಡ್ರಿ. ಬಾಲಮ್ಮ ಹೆಂಗ ಅದಾಳ್ರಿ?"

"ನಾಳೆ ಗೊತ್ತಾಗುತ್ತೆ. ಹಿತ್ತಲಲ್ಲಿ ಹಾವು ಯಾವಾಗ ಕಂಡಿರಿ?"

"ಶನಿವಾರ್ರಿ."

"ಯಾವ ಹಾವು?"

"ನಾಗರ... ಅಲ್ರಿ, ಕೇರಿ ಹಾವು ಇರಬೇಕ್ರಿ."

"ಮಲ್ಲಣ್ಣನಿಗೆ ಹೇಳಿದ್ರಾ? ಹಾವು ಹಿಡಿಯೋರನ್ನ ಕರೆಸಿದ್ರಾ?"

ಮಾತಾಡುತ್ತಲೇ ಮೈನುದ್ದೀನ ಕೊಯ್ದ ಗಾಜನ್ನು ನೀರು ಚಿಮುಕಿಸಿದ ಸಾಣೆಕಲ್ಲಿಗೆ ಒತ್ತಿ, ಒಂದೊಂದೇ ಅಂಚು ಉಜ್ಜತೊಡಗಿದ್ದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಚೌಕಟ್ಟಿನೊಳಗೆ ಕೂರುವ ಗಾಜಿಗೆ ಅದರ ಅಗತ್ಯವೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಜೇಬಿನಿಂದ ಪೊಟ್ಟಣ ತೆಗೆದು ಏಳನೇ ನಂಬರಿನ ಒಂದು ಚೂರನ್ನು ಮೇಜಿನ ಮೇಲಿಟ್ಟ.

"ಇದರ ಅಂಚು ಯಾಕೆ ಉಜ್ಜಿದ್ರಿ? ಕಂಪನಿಯವರು ಬೇಡ ಅಂದಿದ್ರಲ್ಲ."

ಸಾಣೆಕಲ್ಲಿನ ಮೇಲಿನ ಕೈ ನಿಂತಿತು. ಮೈನುದ್ದೀನ ಆ ಚೂರನ್ನು ನೋಡಿದ, ಇಮಾಮಬೀಯನ್ನು ನೋಡಿದ.

"ಬಾಲಮ್ಮ ಆ ಗ್ವಾಡಿಗೆ ಕೈ ಊರಿ ಸೀರಿ ಒಣಹಾಕ್ತಾಳ್ರಿ" ಅಂದ. "ಆಕಿ ಕೈಗೆ ಹತ್ತಬಾರದು ಅಂತ ಉಜ್ಜಿದೆ."

ಇಮಾಮಬೀ ಮುಖ ಆ ಕಡೆ ತಿರುಗಿಸಿದಳು.

ಆಮೇಲೆ ಕೇಳುವುದೇನೂ ಉಳಿಯಲಿಲ್ಲ, ಅವನೇ ಹೇಳಿದ. ಶುಕ್ರವಾರ ಸಂಜೆ ಬಾಲಮ್ಮ ಗೋಡೆಯಾಚೆಯಿಂದ ಕೂಗಿ ಹೇಳಿದ್ದಳು: ಅಣ್ಣಾ, ನಮ್ಮ ಗಾಜು ಹೆಚ್ಚಾತು, ಇನ್ನ ಕೆಲಸ ಬಂದ್ ನೋಡು. ಶನಿವಾರ ನಸುಕಿನ ಸಹರಿ ಊಟ ಮುಗಿಸಿದವನು ಗೋಡೆ ದಾಟಿ ಹಳೆಯ ಪಟ್ಟಿ ಕಿತ್ತು ಹೊಸದು ಅಂಟಿಸಿದ್ದ.

"ನಲವತ್ತು ಮೀಟರ್ ಉಳದಿತ್ರಿ ಸುರಂಗ. ಎರಡು ವಾರದ ಕೆಲಸ. ಗ್ವಾಡಿ ಅಷ್ಟು ದಿನ ತಡೀತದ ಅಂತ ನನಗ ನಾನ ಹೇಳಿಕೊಂಡೆ."

"ನಿಮಗ್ಯಾಕೆ ಅಷ್ಟು ಅವಸರ?"

ಮೈನುದ್ದೀನ ಕತ್ತೆತ್ತಿ ಮೇಲೆ ನೋಡಿದ. ಅಂಗಡಿಯ ಸೂರಿನಿಂದ ಐದಾರು ಅಡಿ ದೂರದಲ್ಲಿ ಮೇಲ್ರಸ್ತೆಯ ಅಂಚು. ಹನ್ನೊಂದು ವರ್ಷದ ಹಿಂದೆ ಅಲ್ಲಿ ಹೋಗುತ್ತಿದ್ದ ಲಾರಿಯಿಂದ ನೆಲಹಾಸಿನ ಒಂದು ಫರ್ಸಿಕಲ್ಲು ಜಾರಿ ಅವನ ಅಂಗಳಕ್ಕೆ ಬಿದ್ದಿತ್ತು. ಅಂಗಳದಲ್ಲಿ ಮಗಳು ಸಬಾ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳು. ಒಂಬತ್ತು ವರ್ಷದವಳು, ಉಳಿಯಲಿಲ್ಲ. ಲಾರಿ ಯಾರದೆಂದು ಇವತ್ತಿಗೂ ಗೊತ್ತಾಗಿರಲಿಲ್ಲ. ಆ ಫೈಲು ಇದೇ ಠಾಣೆಯಲ್ಲಿ "ಪತ್ತೆಯಾಗದ ಪ್ರಕರಣ" ಎಂದು ಮುಚ್ಚಿತ್ತು.

"ಇದು ನೆಲಕ್ಕ ಬೀಳೋದು ನೋಡಿ ಸಾಯ್ಬೇಕಂತ ಕುಂತೀನ್ರಿ. ವರ್ಷಾ ವರ್ಷಾ ಅರ್ಜಿ ಕೊಟ್ಟೀನಿ. ಬಂದ್ ಆದ್ರ ಮತ್ತ ಎಷ್ಟು ವರ್ಷ ಅಂತ ಯಾರು ಹೇಳ್ತಾರ್ರಿ?"

"ಬಾಲಮ್ಮನ ಮೇಲೆ ಗೋಡೆ ಬೀಳಬಹುದು ಅಂತ ಗೊತ್ತಿತ್ತು. ಅದಕ್ಕೇ ಹಾವಿನ ಕತೆ ಹೇಳಿದ್ರಿ."

"ಹೌದ್ರಿ" ಅಂದ ಮೈನುದ್ದೀನ. "ಗೊತ್ತಿತ್ರಿ."

ಸಂಜೆ 6.05. ದಸ್ತಗಿರಿ ಪಂಚನಾಮೆಗೆ ಸಹಿ ಹಾಕಿಸಬೇಕಿತ್ತು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ, ಕಾಗದಗಳನ್ನು ಮಡಚಿಟ್ಟು ಬೆಂಚಿನ ಮೇಲೆ ಕೂತ. ಉಪವಾಸ ಬಿಡುವ ಆಜಾನ್ ಆಗುವವರೆಗೆ ಮೂವರೂ ಕಾದರು. ಇಮಾಮಬೀ ಚೀಲದಿಂದ ಖರ್ಜೂರದ ಪೊಟ್ಟಣ ತೆಗೆದು ಮೊದಲು ಮೈನುದ್ದೀನನಿಗೆ ಕೊಟ್ಟಳು, ಆಮೇಲೆ ತಾನೊಂದು ಬಾಯಿಗಿಟ್ಟುಕೊಂಡಳು. ಅವನು ನೀರು ಕುಡಿದು, ಮೇಜಿನ ಮೇಲಿದ್ದ ಮದುವೆ ಫೋಟೋದ ಗಾಜನ್ನು ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿಟ್ಟ. 6.40ಕ್ಕೆ ಸಹಿ ಹಾಕಿದ.

"ಕೆಲಸ ಬಂದ್ ಆತೇನ್ರಿ?" ಎಂದು ಜೀಪು ಹತ್ತುವಾಗ ಕೇಳಿದ.

"ಆಯ್ತು. ನಿನ್ನೆಯಿಂದ."

ಅವನು ಮೇಲ್ರಸ್ತೆಯ ಕಡೆ ಒಮ್ಮೆ ನೋಡಿ ಒಳಗೆ ಕೂತ.

ಮಾರ್ಚ್ 12, ಬುಧವಾರ, ಬೆಳಿಗ್ಗೆ 11. ಪೂರಕ ಹೇಳಿಕೆ ಪಡೆಯಲು ಇಮಾಮಬೀ ಒಬ್ಬಳೇ ಯಾದಗಿರಿಗೆ ಹೋದಳು. ಡಾಕ್ಟರು ಅಷ್ಟೊತ್ತಿಗೆ ಹೇಳಿಯಾಗಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕು, ನಾಳೆ ಬೆಳಿಗ್ಗೆ. ಮಲ್ಲಣ್ಣ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಯಾರು ಅಂತ ತಿಳೀತೇನು?" ಬಾಲಮ್ಮ ಕೇಳಿದಳು.

ಇಮಾಮಬೀ ಹೆಸರು ಹೇಳಿದಳು. ಯಾಕೆ ಎಂಬುದನ್ನೂ ಹೇಳಿದಳು.

ಬಾಲಮ್ಮನಿಗೆ ಅಳು ಒತ್ತರಿಸಿ ಬಂತು.

"ಸಬಾನ ಎತ್ತಿಕೊಂಡು ದವಾಖಾನಿಗೆ ಓಡಿದಾಕಿ ನಾನ ಇದ್ದೆ. ಇದ ಕಾಲಿಲೇ ಓಡಿದ್ದೆ. ನನ್ನ ಕಿವ್ಯಾಗ ಒಂದ ಮಾತು ಹಾಕಿದ್ರ ಆಗ್ತಿತ್ತು. ಮನಿ ಬಿಟ್ಟು ಎರಡು ವಾರ ತವರಿಗೆ ಹೋಗ್ತಿದ್ದೆ. ಸಬಾನ ಸಲುವಾಗಿ ಅಂದ್ರ ನಾ ಬ್ಯಾಡ ಅಂತಿದ್ನೇನವ್ವಾ?"

ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಇಮಾಮಬೀ ಪೆನ್ನು ಹಿಡಿದು ಕೂತಳು. ಕೊನೆಗೆ ಅಂದದ್ದು ಅಂದ ಹಾಗೇ ಬರೆದು, ಓದಿ ಹೇಳಿದಳು. ಬಾಲಮ್ಮ ಸರಿ ಎಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು.