ಮರಳಿ ಕಾಲುವೆ ದಂಡೆಯ ಕಚೇರಿ

ಗಂಗಾವತಿಯ ಸಂಗೀತ ಪರಂಪರೆಗೆ ಒದಗಿದ ಮಹಾ ಗಂಡಾಂತರವೊಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲೇರಿತು. ಸಂಗೀತ ಸಂಘದ ಗೋಡೆಯಿಂದ ಅಂಗೈಯಗಲದ ಕರಪತ್ರವೊಂದು ಕಳುವಾಗಿತ್ತು.

ದೂರುದಾರ ಸಂಘದ ಕಾರ್ಯದರ್ಶಿ ರಾಮಾಂಜನೇಯ. "ಮೂವತ್ತೆಂಟನೇ ಇಸವೀದ್ರಿ ಮೇಡಂ, ನಮ್ಮಜ್ಜ ಓಬಳೆಪ್ಪ ಹಾಡಿದ ಕಚೇರಿದು. ಸಂಗೀತದ ಇತಿಹಾಸ ಬರಿಯೋ ಶೈಲಜಾ ಮೇಡಂ ನಾಳೆ ನೋಡಾಕ ಬರ್ತಾರ. ಅದಿಲ್ದಿದ್ರ ನಮ್ಮಜ್ಜ ಪುಸ್ತಕಕ್ಕ ಬರೂದಿಲ್ರಿ."

ಪಿಎಸ್‌ಐ ನೇತ್ರಾವತಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ದುರಗೇಶನೊಂದಿಗೆ ಪಂಚನಾಮೆಗೆ ಹೋದರು. ಬೀಗ ಮುರಿದಿರಲಿಲ್ಲ. ಗಾಜು, ಚೌಕಟ್ಟು ಗೋಡೆಯ ಮೇಲೇ ಇದ್ದವು. ಪಕ್ಕದ ಹೊಸ ಧ್ವನಿವರ್ಧಕವನ್ನು ಕಳ್ಳ ಕಣ್ಣೆತ್ತಿಯೂ ನೋಡಿರಲಿಲ್ಲ.

"ಭಾಳ ಓದಿದ ಕಳ್ಳ ಅದಾನ್ರಿ," ಎಂದ ದುರಗೇಶ.

ಕರಪತ್ರದ ಫೋಟೊ ರಾಮಾಂಜನೇಯನ ಮೊಬೈಲಿನಲ್ಲಿತ್ತು. ಗಾಯನ ಓಬಳೆಪ್ಪ, ತಬಲಾ ಇಬ್ರಾಹಿಂಸಾಬ, ಸ್ಥಳ ಮರಳಿ ಗ್ರಾಮದ ಎಡದಂಡೆ ಕಾಲುವೆ ಪಕ್ಕ. ನೇತ್ರಾವತಿ ಅದನ್ನು ಇನ್ನೊಮ್ಮೆ ಓದಿದರು.

"ಕಾಲುವಿ ಯಾವಾಗ ಬಂತ್ರಿ?"

"ಮೊದಲಿಂದಾನೂ ಐತಲ್ರಿ."

"ಡ್ಯಾಮ್ ಕಟ್ಟೂಕಿಂತ ಮೊದಲ?"

ರಾಮಾಂಜನೇಯ ಫೋಟೊದಲ್ಲಿನ ಇಸವಿಯನ್ನು ಹಿಗ್ಗಿಸಿ ನೋಡಿದ, ೧೯೩೮ ಎಂದೇ ಇತ್ತು. ಅಣೆಕಟ್ಟಿನ ನೀರು ಇತ್ತ ಹರಿದದ್ದು ಐವತ್ತರ ದಶಕದಲ್ಲಿ. ಭತ್ತದ ಗದ್ದೆಗಳ ನಡುವೆ ಹುಟ್ಟಿದವರಿಗೆ ಕಾಲುವೆಯಿಲ್ಲದ ಮರಳಿ ಊಹೆಗೂ ಬರುವುದಿಲ್ಲ.

"ಇದನ್ನ ಕೊಟ್ಟವ್ರು ಯಾರ್ರಿ?"

"ನಮ್ಮ ಸಂಘದ ತಬಲಾ ಯೂಸುಫ. ಇಬ್ರಾಹಿಂಸಾಬರ ಮೊಮ್ಮಗ, ಪ್ರಿಂಟಿಂಗ್ ಪ್ರೆಸ್ ಇಟ್ಟಾನ. ಅಜ್ಜನ ಟ್ರಂಕಿನ್ಯಾಗ ಸಿಕ್ತು ಅಂದಿದ್ದ. ಸಂಘದ ಇನ್ನೊಂದು ಕೀಲಿ ಅವನ ಹತ್ರಾನ ಐತ್ರಿ."

ಮೂವರೂ ಪ್ರೆಸ್ಸಿಗೆ ಹೋದಾಗ ಯೂಸುಫ ಮದುವೆ ಕಾರ್ಡು ಎಣಿಸುತ್ತಿದ್ದ. ಕೇಳಿದೊಡನೆ ಕರಪತ್ರ ತೆಗೆದುಕೊಟ್ಟ.

"ನೀನ ಅಚ್ಚು ಹಾಕಿದ್ದು?" ಎಂದರು ನೇತ್ರಾವತಿ.

"ಹೌದ್ರಿ. ಚಹಾದಾಗ ಅದ್ದಿ ಹಳೇದು ಮಾಡಿದ್ನಿ."

"ನೀನ ಕೊಟ್ಟು ನೀನ ಯಾಕ ಕದ್ದಿ?"

"ಶೈಲಜಾ ಮೇಡಂ ಬರ್ತಾರ ಅಂದ ಮ್ಯಾಲ ಮತ್ತೊಮ್ಮೆ ಓದಿದ್ನಿರಿ. ಕಾಲುವಿ ನೋಡಿ ಸಿಕ್ಕಿಬೀಳ್ತೀನಿ ಅಂತ ಗೊತ್ತಾತ್ರಿ."

"ನನ್ನ ಒಂದು ಮಾತು ಕೇಳಬಾರದಿತ್ತೇನಲೇ?" ಎಂದು ರಾಮಾಂಜನೇಯ ಹರಿಹಾಯ್ದ.

"ಕೇಳಿದ್ರ ಏನಂತಿದ್ದಿ ಮಾರಾಯ? ಮೊದಲಿಂದಾನೂ ಐತಿ ಅಂತಿದ್ದಿ."

ದುರಗೇಶ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.

ಯೂಸುಫನ ಬಂಧನವಾಯಿತು. ಅವನ ಹೇಳಿಕೆ ಚಿಕ್ಕದು. ಓಬಳೆಪ್ಪನ ಹಾಡನ್ನು ಊರೇ ನೆನೆಯುತ್ತದೆ. ಜೀವಮಾನವಿಡೀ ಅವನಿಗೆ ತಬಲಾ ಸಾಥ್ ಕೊಟ್ಟ ಅಜ್ಜನನ್ನು ಯಾರೂ ನೆನೆಯುವುದಿಲ್ಲ, ಅವನ ಹೆಸರಿರುವ ಒಂದು ಚೂರು ಕಾಗದವೂ ಉಳಿದಿಲ್ಲ. ಅದಕ್ಕೇ ಒಂದನ್ನು ಹುಟ್ಟಿಸಿದ. ಕರಪತ್ರದಲ್ಲಿ ಇಬ್ರಾಹಿಂಸಾಬರ ಹೆಸರು ಗಾಯಕನ ಹೆಸರಿಗಿಂತ ತುಸು ದಪ್ಪಕ್ಷರದಲ್ಲಿರುವುದನ್ನು ರಾಮಾಂಜನೇಯ ಆಗ ಗಮನಿಸಿದ.

ನ್ಯಾಯಾಲಯ ಯೂಸುಫನಿಗೆ ಜಾಮೀನು ಕೊಟ್ಟಿತು. ಶೈಲಜಾ ಅವರ ಪುಸ್ತಕ ಅಚ್ಚಾಗಿದೆ. ಇಬ್ಬರು ಅಜ್ಜಂದಿರೂ ಅದರಲ್ಲಿದ್ದಾರೆ, ನಂಬಲಾಗದ ಆಧಾರಗಳ ಅಧ್ಯಾಯದಲ್ಲಿ.