ಹುಟ್ಟುಹಬ್ಬದ ಶಾವಿಗೆ

"ಹುಟ್ಟುಹಬ್ಬದ ದಿನ ಯಾರಾದ್ರೂ ಹೀಗೆ ಅಳ್ತಾರಾ?"

ಕೆನಡಾದ ವಿನಿಪೆಗ್‌ನ ಚರ್ಚಿನ ನೆಲಮಾಳಿಗೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಅಪರಿಚಿತನನ್ನು ಲಿಗಾಯ ಸಿಟ್ಟಿನಿಂದ ನೋಡಿದಳು.

"ಇವತ್ತಿಗೆ ಮೂವತ್ತಾಯ್ತು. ಕಾಯಂ ವಾಸದ ಅರ್ಜಿಯಲ್ಲಿ ವಯಸ್ಸಿನ ಲೆಕ್ಕಕ್ಕೆ ಐದು ಅಂಕ ಹೋಯ್ತು! ಇನ್ನು ವರ್ಷ ವರ್ಷ ಹೋಗ್ತಾನೇ ಇರುತ್ತೆ..."

"ಹಾಗಾದ್ರೆ ಶಾವಿಗೆ ತಿನ್ನಿ. ಎಳೆ ಕತ್ತರಿಸಬೇಡಿ, ಆಯಸ್ಸು ಕಡಿಮೆಯಾಗುತ್ತೆ. ಅಂಕ ಹೋದ್ರೂ ಆಯಸ್ಸಾದ್ರೂ ಉಳೀಲಿ!"

ಅವಳು ಅಳುತ್ತಲೇ ನಕ್ಕಳು.

ಅವನು ರೊಡೆಲ್, ಹೋಟೆಲಿನ ಅಡುಗೆಯವನು. ಅವಳು ವೃದ್ಧಾಶ್ರಮದಲ್ಲಿ ದಾದಿ. ಇಬ್ಬರೂ ಫಿಲಿಪೀನ್ಸಿನವರು. ಚಳಿಗಾಲ ಬರುವ ಮೊದಲೇ ಒಂದೇ ಮನೆ ಮಾಡಿದರು.

ಜೊತೆಗಿದ್ದು ವರ್ಷ ತುಂಬಲು ಕೆಲವೇ ದಿನಗಳಿದ್ದಾಗ ರೊಡೆಲ್ ಚೀಲ ಹೆಗಲಿಗೇರಿಸಿದ.

"ನನಗೆ ಸಾಕಾಗಿದೆ ಲಿಗಾಯ. ಹುಡುಕ್ಕೊಂಡು ಬರಬೇಡ."

ನಾನೇನು ತಪ್ಪು ಮಾಡಿದೆ ದೇವರೇ...? ಅವಳ ಪ್ರಾರ್ಥನೆಯಲ್ಲಿ ಅದೊಂದೇ ಮಾತು ಉಳಿಯಿತು.

ದೇವರು ಕೊಡುವಾಗ ಅಂಕ ನೋಡುವುದಿಲ್ಲ. ಸರ್ಕಾರ ನೋಡುತ್ತದೆ. ಒಂಟಿ ಅರ್ಜಿದಾರಳಾಗಿ ಲಿಗಾಯಳ ಅಂಕ ಸಾಕಾಯಿತು, ಕಾಯಂ ವಾಸವೂ ಸಿಕ್ಕಿತು. ಸಂತೋಷ ಮಾತ್ರ ಬರಲಿಲ್ಲ.

ಅವಳ ಮೂವತ್ತೆರಡನೆಯ ಹುಟ್ಟುಹಬ್ಬದ ದಿನ ಚರ್ಚಿನ ಹಿರಿಯಾಕೆ ಚಾರಿಂಗ್ ತಡೆದು ನಿಲ್ಲಿಸಿದಳು.

"ರೊಡೆಲ್‌ನ ಕೆಲಸದ ಪರವಾನಗಿ ಮುಗೀತಂತೆ ಮಗಳೇ. ನಾಳೆ ಊರಿಗೆ ಹೊರಟ. ಆ ಮೂಗ ತಾನಾಗಿ ಏನೂ ಹೇಳಲ್ಲ, ನೀನೇ ಹೋಗಿ ಕೇಳು!"

ಲಿಗಾಯ ಹೋಟೆಲಿಗೆ ಓಡಿದಳು. ಅಡುಗೆಮನೆಯಲ್ಲಿ ರೊಡೆಲ್ ಒಬ್ಬನೇ ಕುಳಿತಿದ್ದ. ಎದುರಿಗೆ ಮುಟ್ಟದ ಶಾವಿಗೆಯ ತಟ್ಟೆ.

"ಯಾರಿಗೆ ಇದು?"

"ಇವತ್ತು ನಿನ್ನ ಹುಟ್ಟುಹಬ್ಬ ಅಲ್ವಾ..."

"ಯಾಕೆ ಬಿಟ್ಟು ಹೋದೆ, ರೊಡೆಲ್?"

ಅವನು ತಲೆ ತಗ್ಗಿಸಿದ.

"ವರ್ಷ ಜೊತೆಗಿದ್ರೆ ಇಲ್ಲಿ ಗಂಡ ಹೆಂಡತಿ ಅಂತಲೇ ಲೆಕ್ಕ. ಆಮೇಲೆ ಅರ್ಜಿಗೆ ನನ್ನ ಹೆಸರೂ ಸೇರಿ, ನನ್ನ ಹೈಸ್ಕೂಲು ಓದು, ಹರಕು ಇಂಗ್ಲಿಷು ಎಲ್ಲ ನಿನ್ನ ಅಂಕ ಇಳಿಸ್ತಿತ್ತು. ನೀನೋ, ಸುಳ್ಳು ಬರೆಯೋಳಲ್ಲ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೋ!"

"ಕೇಳಿದ್ರೆ, ಅಂಕ ಹೋಗ್ಲಿ, ನೀನಿರು ಅಂತಿದ್ದೆ. ಊರಲ್ಲಿ ನಿಮ್ಮಮ್ಮನ ಔಷಧಿಗೆ ದುಡ್ಡು ಕಳಿಸೋಕೆ ಯಾರಿದ್ರು?"

ಅವಳು ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಆಮೇಲೆ ಅದೇ ಎದೆಗೆ ಒರಗಿ ಬಿಕ್ಕಿದಳು.

"ನಾಳೆ ಹೋಗಲೇಬೇಕಾ...?"

"ಹೋಗಲೇಬೇಕು."

"ಹೋಗು. ನಾನೇ ಬಂದು ಮದುವೆಯಾಗಿ ಕರ್ಕೊಂಡು ಬರ್ತೀನಿ."

"ವರ್ಷಗಳೇ ಹಿಡೀಬಹುದು. ನಿನಗೆ ವಯಸ್ಸಾಗುತ್ತೆ ಕಣೇ."

"ಆಗ್ಲಿ ಬಿಡು. ಇನ್ನು ನನ್ನ ವಯಸ್ಸಿಗೆ ಯಾರೂ ಅಂಕ ಕಳೆಯಲ್ಲ."

ರೊಡೆಲ್ ಕಣ್ಣೊರೆಸಿಕೊಂಡು ಆರಿದ ಶಾವಿಗೆಯ ಒಂದು ಉದ್ದನೆಯ ಎಳೆಯನ್ನು ಅವಳ ತುಟಿಗೆ ಹಿಡಿದ.

"ಮೆಲ್ಲಗೆ... ಕತ್ತರಿಸಬೇಡ."